ನಿನ್ನ ಅಮ್ಮನಿದ್ದ ಗಾಡಿ

ಕುರ್ಕಪಿಟಿ
೨೦ ಆಗಸ್ಟ್ ೨೦೦೯, ಗುರುವಾರ

ಪ್ರೀತಿಯ ಮುರಿಯೆಲ್,

ವಾರಕ್ಕೆ ಮೂರು ಸಲ ರಕ್ತ ಸೋಸುವ ಆ ಯಂತ್ರಕ್ಕೆ ಕೈ ಕೊಟ್ಟು ಮಲಗುವವಳನ್ನು ಚೆನ್ನಾಗಿದ್ದೀಯಾ ಎಂದು ಕೇಳುವುದಕ್ಕೇ ಸಂಕೋಚವಾಗುತ್ತದೆ. ಆದರೂ ಕೇಳುತ್ತೇನೆ, ಚೆನ್ನಾಗಿದ್ದೀಯಾ? ಪತ್ರ ತಡವಾಯಿತು. ಅಂಚೆಯ ವಿಮಾನ ಎರಡು ಸಲ ಬಂದು ಹೋಯಿತು, ಎರಡು ಸಲವೂ ನಾನು ಬರಿಗೈ ಬೀಸಿ ಕಳಿಸಿದೆ. ವಿಮಾನದ ತಪ್ಪೇನಿಲ್ಲ. ಫೋನು ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನು ಅಂಗಡಿಯ ಮುಂದಿದೆ, ಅಂಗಡಿಯ ಮುಂದೆ ಇಡೀ ಊರು ಕೂತಿರುತ್ತದೆ. ಗಂಡಹೆಂಡಿರ ಮಾತನ್ನು ಊರಿಗೆಲ್ಲ ಕೇಳಿಸಿ ಆಡುವ ವಯಸ್ಸು ದಾಟಿತು. ನೀನೂ ಇದನ್ನು ಹಾಸ್ಟೆಲಿನಲ್ಲಿ ಎಲ್ಲರೆದುರು ಓದಬೇಡ. ಆ ನಲ್ಲಿಯ ಹತ್ತಿರದ ಬೆಂಚಿಗೆ ಹೋಗಿ ಓದು.

ಕಳೆದ ವಾರ ಬುಧವಾರ ನೀನು ಅಲ್ಲಿ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಹಾಸ್ಟೆಲಿನ ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ಕತ್ತಲಾಗುವವರೆಗೆ ಕೂತಿದ್ದೆಯಂತೆ. ನಿನ್ನ ಅಮ್ಮ ಬರಲಿಲ್ಲ. ಯಾಕೆ ಬರಲಿಲ್ಲ ಎಂಬುದನ್ನು ಇಷ್ಟರಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳಿರುತ್ತಾರೆ. ನಾನು ಅವರನ್ನು ಗಾಡಿಯಿಂದ ಎಳೆದುಹಾಕಿದೆ ಎಂದು ಒಬ್ಬಳು ಹೇಳಿದಳಂತೆ. ನಾನು ಕುಡಿದಿದ್ದೆ ಎಂದು ಇನ್ನೊಬ್ಬ. ನಾನು ಕುಡಿದದ್ದು ಚಹಾ, ಅದೂ ತಣ್ಣಗಾದದ್ದು. ಗಾಡಿ ತಡೆದದ್ದು ಮಾತ್ರ ನಿಜ. ಹೇಗೆ, ಯಾಕೆ ಎಂಬುದನ್ನು ನನ್ನಿಂದಲೇ ಕೇಳು.

ಮೊದಲು ಮನೆಯ ಸುದ್ದಿ. ಚಳಿ ಜೋರು. ಬೆಳಿಗ್ಗೆ ನಲ್ಲಿಯಲ್ಲಿ ನೀರು ಗಟ್ಟಿಯಾಗಿರುತ್ತದೆ, ಬಿಸಿಲು ಏರುವವರೆಗೆ ಯಾರೂ ಮುಖ ತೊಳೆಯುವುದಿಲ್ಲ, ಕೆಲವರು ಆಮೇಲೂ ತೊಳೆಯುವುದಿಲ್ಲ. ನಿನ್ನ ಕಂಬಳಿಗಳನ್ನು ಬಿಸಿಲಿಗೆ ಹಾಕಿ ಮಡಚಿಟ್ಟಿದ್ದೇನೆ. ನಮ್ಮ ನಾಯಿ ಸ್ಪ್ಯಾನರ್ ಇನ್ಯಾವುದೋ ನಾಯಿಯ ಜೊತೆ ಜಗಳಕ್ಕೆ ಹೋಗಿ ಕಿವಿ ಹರಿಸಿಕೊಂಡು ಬಂದಿದೆ. ಚರ್ಚಿನ ಹಾಡಿನ ಗುಂಪಿನಲ್ಲಿ ನಿನ್ನ ಜಾಗಕ್ಕೆ ಡೋರೀನಳನ್ನು ನಿಲ್ಲಿಸಿದ್ದಾರೆ. ಅವಳು ಶುರುವಿನಲ್ಲೇ ಮೇಲಕ್ಕೆ ಎಳೆಯುತ್ತಾಳೆ, ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಯಾರಿಗೂ ಉಸಿರಿರುವುದಿಲ್ಲ. ಪಾದ್ರಿಗೂ ಗೊತ್ತು, ಆದರೆ ಅವಳ ಬಾಯಿಗೆ ಹೆದರಿ ಸುಮ್ಮನಿದ್ದಾರೆ.

ನಮ್ಮ ಪೊಲೀಸ್ ಠಾಣೆಗೆ ಹೊಸ ಸಾರ್ಜೆಂಟ್ ಬಂದಿದ್ದಾಳೆ, ಹೀದರ್ ಎಂದು. ಬಿಳಿಯವಳು, ಕರಾವಳಿಯ ಕಡೆಯವಳು, ನಮ್ಮ ದೂಳಿಗೆ ಸೀನುತ್ತಲೇ ಇರುತ್ತಾಳೆ. ಕೆಟ್ಟವಳಲ್ಲ. ಬಂದ ಮೊದಲ ದಿನವೇ ಮೇಲಿನವರ ಆಜ್ಞೆ ಓದಿ ಹೇಳಿದಳು. ಈ ಚಳಿಗಾಲ ಮುಗಿಯುವವರೆಗೆ ಬೆಲ್ಟು, ಟೈರು, ಲೈಸೆನ್ಸು, ಗಾಡಿಯೊಳಗಿನ ತಲೆಗಳು, ಕುಡಿದವರ ಉಸಿರು, ಎಲ್ಲವನ್ನೂ ನೋಡಬೇಕು. ನಮ್ಮ ಕಡೆಯ ರಸ್ತೆಗಳಲ್ಲಿ ಜನ ಜಾಸ್ತಿ ಸಾಯುತ್ತಾರೆ ಎಂದು ಮೇಲಿನವರಿಗೆ ಈಗ ಗೊತ್ತಾಗಿದೆಯಂತೆ. ನಮಗೆ ಗೊತ್ತಿಲ್ಲದ್ದೇನಲ್ಲ. ರಸ್ತೆ ಬದಿಯ ಶಿಲುಬೆಗಳಿಗೆ ಪ್ಲಾಸ್ಟಿಕ್ ಹೂ ಕಟ್ಟಿದವರು ನಾವೇ ತಾನೆ.

ನನ್ನ ಕಷ್ಟ ನಿನಗೆ ಗೊತ್ತೇ ಇದೆ. ಈ ಊರಲ್ಲಿ ನಾನು ತಡೆಯುವ ಪ್ರತಿ ಗಾಡಿಯಲ್ಲೂ ಒಬ್ಬ ಅಣ್ಣನೋ ಭಾವನೋ ಇರುತ್ತಾನೆ. ಬೈಯುತ್ತಾರೆ, ಬೈಸಿಕೊಳ್ಳುತ್ತೇನೆ, ಸಂಬಳ ಕೊಡುವುದೇ ಅದಕ್ಕೆ. ಆದರೆ ನಿನ್ನ ಅಮ್ಮ ಕೂತ ಗಾಡಿ ಬಂದರೆ ಸಂಬಳವೂ ಇಲ್ಲ, ಸಮವಸ್ತ್ರವೂ ಇಲ್ಲ. ನಮ್ಮ ಜನರ ಕಟ್ಟಳೆಯಲ್ಲಿ ಅಳಿಯನಾದವನು ಅತ್ತೆಯ ಮುಖ ನೋಡುವಂತಿಲ್ಲ, ಮಾತಾಡುವಂತಿಲ್ಲ, ಹೆಸರು ಹೇಳುವಂತಿಲ್ಲ, ಅವರ ಹತ್ತಿರ ಸುಳಿಯುವಂತಿಲ್ಲ. ನಿನ್ನ ಕೈ ಹಿಡಿದ ದಿನದಿಂದ ನಾನು ಇದರಲ್ಲಿ ಒಂದು ದಿನ ತಪ್ಪಿಲ್ಲ, ಅವರೂ ತಪ್ಪಿಲ್ಲ. ಅವರು ಅಂಗಡಿಯ ಮುಂಬಾಗಿಲಿಗೆ ಬಂದರೆ ನಾನು ಹಿಂಬಾಗಿಲಿಂದ ಹೊರಗೆ. ರಸ್ತೆಯಲ್ಲಿ ಅವರಿದ್ದ ಗಾಡಿ ಕಂಡರೆ ಬೆನ್ನು ತಿರುಗಿಸಿ ಬೆಟ್ಟ ನೋಡುತ್ತಾ ನಿಲ್ಲುತ್ತೇನೆ. ದೂಳು ಅಡಗಿದ ಮೇಲೆ ತಿರುಗುತ್ತೇನೆ.

ಇದರಲ್ಲಿ ಲಾಭ ಇದೆ ಎಂದು ಮೊದಲು ಕಂಡುಕೊಂಡವನು ನಿನ್ನ ಚಿಕ್ಕಪ್ಪನ ಮಗ ನೆವಿಲ್. ಲೈಸೆನ್ಸ್ ಕಳೆದುಕೊಂಡ ಮೇಲೂ ಅವನು ನಿನ್ನ ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ನನ್ನ ಪಕ್ಕದಲ್ಲೇ ಹಾದುಹೋದ. ಅಲ್ಲಿಂದ ಶುರುವಾಯಿತು ನೋಡು. ಬಾಗಿಲಿಗೆ ಹಗ್ಗ ಕಟ್ಟಿದವರು, ಬ್ರೇಕಿಲ್ಲದವರು, ನಂಬರ್ ಪ್ಲೇಟ್ ಕಳೆದುಕೊಂಡವರು, ಎಲ್ಲರೂ ಬೆಳಿಗ್ಗೆ ಎದ್ದು ನಿನ್ನ ಅಮ್ಮನ ಬಾಗಿಲಿಗೆ. "ದೊಡ್ಡಮ್ಮ, ಸೌದೆಗೆ ಹೋಗ್ತಿದೀವಿ, ಸುಮ್ನೆ ಜೊತೇಲಿ ಬನ್ನಿ." ಫುಟ್‌ಬಾಲಿಗೆ ಹೋದರು, ಬೇಟೆಗೆ ಹೋದರು, ಒಂದು ಸಲ ಯಾರದೋ ಇಂಜಿನ್ ತರುವುದಕ್ಕೂ ಹೋದರು. ನಿನ್ನ ಅಮ್ಮನಿಗೂ ಅದು ಬೇಜಾರಿರಲಿಲ್ಲ ಅನ್ನು. ಮುಂದಿನ ಸೀಟು, ತಂಪು ಪಾನೀಯ, ಕಿಟಕಿಯ ಗಾಳಿ. ಕೆಂಪು ಉಣ್ಣೆ ಟೋಪಿ ಹಾಕಿಕೊಂಡು ಗವರ್ನರನ ಹೆಂಡತಿಯ ಹಾಗೆ ಕೂತಿರುತ್ತಿದ್ದರಂತೆ. ನಾನು ನೋಡಿಲ್ಲ, ಜನ ಹೇಳಿದ್ದು.

ಹೀದರ್ ಕಣ್ಣಿಗೆ ಇದು ಬೇಗ ಬಿತ್ತು. "ಹೆಕ್ಟರ್, ಆ ಅಜ್ಜಿ ಬಂದಾಗೆಲ್ಲ ನೀವು ಬೆಟ್ಟ ನೋಡ್ತೀರಲ್ಲ, ಅಲ್ಲೇನಿದೆ?" ಎಂದು ಕೇಳಿದಳು. ವಿಷಯ ಹೇಳಿದೆ. ನಗಲಿಲ್ಲ, ಅದಕ್ಕೆ ಅವಳ ಮೇಲೆ ನನಗೆ ಗೌರವ. ಸ್ವಲ್ಪ ಯೋಚಿಸಿ, ಸರಿ ಹಾಗಾದರೆ, ನೀವು ಬೆಟ್ಟ ನೋಡಿ, ನಾನು ಟೈರು ನೋಡುತ್ತೇನೆ ಎಂದಳು. ಒಂದೆರಡು ವಾರ ಹಾಗೇ ನಡೆಯಿತು. ನೆವಿಲ್ ಎರಡು ಸಲ ಸಿಕ್ಕಿಬಿದ್ದ, ಮುಖ ಊದಿಸಿಕೊಂಡು ತಿರುಗಿದ. ಆಮೇಲೆ ಹೀದರ್ ಉಸಿರು ಪರೀಕ್ಷೆಯ ಸಾಮಾನೆಲ್ಲ ತುಂಬಿಕೊಂಡು ಗಡಿಯ ಕಡೆಯ ಹಳ್ಳಿಗಳಿಗೆ ಹೋದಳು. ಹೆದ್ದಾರಿಯ ತಿರುವಿನಲ್ಲಿ ಉಳಿದವರು ನಾನು ಮತ್ತು ಸ್ಪ್ಯಾನರ್.

ಬುಧವಾರ ಬೆಳಿಗ್ಗೆ, ದನ ದಾಟದ ಹಾಗೆ ರಸ್ತೆಗೆ ಅಡ್ಡ ಹಾಸಿದ ಕಂಬಿಗಳ ಹತ್ತಿರ ನಿಂತಿದ್ದೆ. ನೆವಿಲನ ಬಿಳಿ ಸ್ಟೇಷನ್ ವ್ಯಾಗನ್ ಬರುತ್ತಿತ್ತು. ಹಿಂಭಾಗ ನೆಲಕ್ಕೆ ತಾಗುವಷ್ಟು ಕುಸಿದಿತ್ತು. ಮುಂದೆ ಕೆಂಪು ಟೋಪಿ ಕಂಡಿತು. ಸರಿ, ತಿರುಗಿದೆ, ತಲೆ ತಗ್ಗಿಸಿದೆ. ಕಂಬಿ ದಾಟುವಾಗ ಯಾವ ಗಾಡಿಯೂ ನಿಧಾನವಾಗಲೇಬೇಕು. ಅದು ಕಂಬಿಯ ಮೇಲೆ ತೆವಳುತ್ತಾ ನನ್ನತ್ತ ಬರುವಾಗ ಓರೆಯಾಗಿ ನೆಲ ನೋಡುತ್ತಿದ್ದ ನನ್ನ ಕಣ್ಣಿಗೆ ಬಿದ್ದದ್ದು ಹಿಂದಿನ ಎಡಗಡೆಯ ಟೈರು. ರಬ್ಬರು ಪೂರ್ತಿ ಹೋಗಿತ್ತು. ಒಳಗಿನ ತಂತಿ ಹೊರಗೆ ಬಂದು ನೆಲ ಕೆರೆಯುತ್ತಿತ್ತು. ಹಿಂದೆ ಪೆಟ್ರೋಲ್ ಡಬ್ಬದ ಮೇಲೆ ಯಾರದೋ ಕೂಸನ್ನು ತೊಡೆಯಲ್ಲಿಟ್ಟುಕೊಂಡ ಹುಡುಗಿಯ ಕಾಲು ಕಂಡಿತು. ಆಲಿಸ್ ಸ್ಪ್ರಿಂಗ್ಸ್‌ಗೆ ಹಗಲೆಲ್ಲ ಓಡಬೇಕು, ಅದರಲ್ಲಿ ಅರ್ಧ ದಾರಿ ಹಲ್ಲು ಅಲುಗಿಸುವ ಮಣ್ಣುರಸ್ತೆ. ಎಷ್ಟೊಂದು ಗಾಡಿಗಳನ್ನು ಅಂಗಾತ ಬಿದ್ದ ಮೇಲೆ ನೋಡಿದ್ದೇನೆ ಎಂದು ನಿನಗೆ ಗೊತ್ತು. ಅವುಗಳ ಒಳಗಿನವರನ್ನು ಹೊರಗೆ ತೆಗೆದ ಕೈ ಇದೇ.

ಯೋಚಿಸಿದ್ದರೆ ಬಿಟ್ಟುಬಿಡುತ್ತಿದ್ದೆನೇನೋ. ಯೋಚಿಸಲಿಲ್ಲ. ಮುಖ ತಿರುಗಿಸದೆ ಹಿಂದುಹಿಂದಕ್ಕೆ ನಡೆದು ಗಾಡಿಯ ಮುಂದೆ ಹೋಗಿ, ರಸ್ತೆಯ ನಡುವೆ ಕೂತುಬಿಟ್ಟೆ. ಬೆನ್ನು ಗಾಡಿಗೆ, ಮುಖ ಬೆಟ್ಟಕ್ಕೆ. ಸ್ಪ್ಯಾನರ್ ಬಂದು ಪಕ್ಕದಲ್ಲಿ ಕೂತಿತು. ನೆವಿಲ್ ಹಾರ್ನ್ ಹೊಡೆದ, ಹೊಡೆದ, ಆಮೇಲೆ ಇಳಿದು ಬಂದ.

"ಭಾವ, ಎದ್ದೇಳು. ದೊಡ್ಡಮ್ಮ ಮುಂದೆ ಕೂತಿದಾರೆ. ಅತ್ತೆ ಮುಂದೆ ಹಿಂಗೆ ಕುಂಡೆ ಊರ್ಕಂಡು ಕೂರಕ್ಕೆ ನಾಚ್ಕೆ ಆಗಲ್ವಾ ನಿಂಗೆ?"

ಆಗುತ್ತಿತ್ತು. ಕಿವಿಯವರೆಗೂ ಬಿಸಿಯಾಗಿತ್ತು. ಆದರೆ ಅವನಿಗೆ ಉತ್ತರ ಕೊಟ್ಟರೆ ಗಾಡಿಯಲ್ಲಿದ್ದವರಿಗೆ ಕೊಟ್ಟ ಹಾಗೆ. ಅದಕ್ಕೆ ನಾಯಿಗೆ ಹೇಳಿದೆ.

"ಸ್ಪ್ಯಾನರ್, ಈ ಗಾಡಿ ಟೈರ್ ಸತ್ತೋಗಿದೆ. ಇದ್ರಲ್ಲಿ ಯಾರೂ ಆಲಿಸ್‌ಗೆ ಹೋಗೋ ಹಾಗಿಲ್ಲ."

ನೆವಿಲ್ ಬಾಯಿಗೆ ಬಂದದ್ದೆಲ್ಲ ಅಂದ, ಅದನ್ನು ಬರೆಯುವುದಿಲ್ಲ. ಅವನ ಮಾತಿನ ನಡುವೆ ಹಿಂದಿನಿಂದ ಒಂದು ದನಿ ಬಂತು. ಯಾರದು ಎಂದು ಮೊದಲು ತಿಳಿಯಲೇ ಇಲ್ಲ ಕಣೇ. ಮೂವತ್ತು ವರ್ಷದಿಂದ ಒಂದೇ ಊರಿನಲ್ಲಿದ್ದೇವೆ, ನಿನ್ನ ಅಮ್ಮನ ದನಿಯನ್ನು ಅಷ್ಟು ಹತ್ತಿರದಿಂದ ನಾನು ಕೇಳಿಯೇ ಇರಲಿಲ್ಲ. ನಿನ್ನದೇ ದನಿ, ಸ್ವಲ್ಪ ಒರಟು.

"ನಾಯೀ, ನಿನ್ ಯಜಮಾನಂಗೆ ಹೇಳು. ನನ್ ಮಗಳು ಗೇಟ್ ಹತ್ರ ಕಾಯ್ತಾ ಕೂತಿರ್ತಾಳೆ. ಇವತ್ತು ಬರ್ತೀನಿ ಅಂತ ಮಾತು ಕೊಟ್ಟಿದೀನಿ."

"ಸ್ಪ್ಯಾನರ್, ಮುಂದಿನ್ ವಾರ ಹೋಗ್ಲಿ ಅನ್ನು. ಟೈರ್ ನಾನೇ ಹಾಕಿಸ್ಕೊಡ್ತೀನಿ."

"ಮುಂದಿನ್ ವಾರ ಆಗಲ್ಲ ಅಂತ ಹೇಳು ನಾಯೀ. ಇವತ್ತೇ ಆಗ್ಬೇಕು."

"ಯಾಕಂತೆ, ಕೇಳು."

ಇಂಜಿನ್ ಎರಡು ಸಲ ಕೆಮ್ಮಿತು. ಆಮೇಲೆ, "ಪೊಲೀಸ್ ನಾಯಿಗೆ ಎಲ್ಲಾ ಹೇಳಕ್ಕಾಗಲ್ಲ" ಎಂದರು.

ಸ್ಪ್ಯಾನರ್ ಆ ಕಡೆ ನೋಡಿತು, ಈ ಕಡೆ ನೋಡಿತು, ಎದ್ದುಹೋಗಿ ಆ ಟೈರಿಗೇ ಕಾಲೆತ್ತಿತು. ಬೇರೆ ದಿನವಾಗಿದ್ದರೆ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದರು. ಅವತ್ತು ಯಾರೂ ನಗಲಿಲ್ಲ. ಬಾಗಿಲು ತೆಗೆದ ಸದ್ದಾಯಿತು. ನಿನ್ನ ಅಮ್ಮ ಇಳಿದು ತಲೆಯ ಮೇಲೆ ಕಂಬಳಿ ಎಳೆದುಕೊಂಡು ಊರ ಕಡೆ ನಡೆದರು. ನಿನ್ನ ತಂಗಿ ರೋಸ್ಲಿನ್ ಅವರ ಜೊತೆಗೆ ಹೋದಳು. ಈ ವಯಸ್ಸಿನಲ್ಲಿ, ಆ ಮಂಡಿಯಲ್ಲಿ, ಅಷ್ಟು ದೂರ. ನನ್ನ ಪೊಲೀಸ್ ಗಾಡಿ ಅಲ್ಲೇ ಖಾಲಿ ನಿಂತಿತ್ತು. ಹತ್ತಿಸಿಕೊಳ್ಳುವಂತಿಲ್ಲ, ಹತ್ತಿ ಎಂದು ಹೇಳುವಂತೆಯೂ ಇಲ್ಲ. ಅವರ ಹೆಜ್ಜೆಯ ಸದ್ದು ಅಡಗುವವರೆಗೆ ಬೆಟ್ಟ ನೋಡುತ್ತಾ ಕೂತಿದ್ದೆ.

ಟೈರು ಒಡೆದುಹೋಗಿ ನನ್ನ ಮಾತು ನಿಜವಾಯಿತು ಎಂದುಕೊಂಡರೆ ಅದೂ ಇಲ್ಲ. ನೆವಿಲ್ ನನಗೆ ತೋರಿಸಬೇಕೆಂದೇ ಎರಡು ದಿನ ಅದೇ ಟೈರಿನಲ್ಲಿ ಊರು ಸುತ್ತಿದ. ಠಾಣೆಯ ಮುಂದೆ ಬಂದಾಗೆಲ್ಲ ಹಾರ್ನ್ ಬೇರೆ.

ಗುರುವಾರ ನಿನ್ನ ಸೋದರಮಾವಂದಿರು ಬಂದು ನಮ್ಮ ಅಂಗಳದಲ್ಲಿ ಕೂತರು. ಕೂಗಾಡಲಿಲ್ಲ, ಕೂಗಾಡಿದ್ದರೆ ವಾಸಿಯಿತ್ತು. ಗಾಡಿ ತಡೆದದ್ದಕ್ಕೆ ನಾವು ಏನೂ ಅನ್ನುವುದಿಲ್ಲ, ಅದು ನಿನ್ನ ಕೆಲಸ, ಆದರೆ ನಮ್ಮ ಅಕ್ಕ ನಿನ್ನ ಕಿವಿಗೆ ಬೀಳುವ ಹಾಗೆ ಬಾಯಿಬಿಡಬೇಕಾಯಿತು, ಅದಕ್ಕೆ ಏನು ಮಾಡುತ್ತೀಯ ಎಂದರು. ಅಳಿಯನಾದವನು ಮಾಡಬೇಕಾದ್ದನ್ನು ಮಾಡಿದೆ. ಶನಿವಾರ ಬೇಟೆಗೆ ಹೋಗಿ ಒಳ್ಳೆಯ ಕೊಬ್ಬಿದ ಕಾಂಗರೂ ಹೊಡೆದು, ಗುಂಡಿ ತೋಡಿ ಕೆಂಡದಲ್ಲಿ ಸರಿಯಾಗಿ ಬೇಯಿಸಿ, ರೋಸ್ಲಿನ್ ಕೈಲಿ ನಿನ್ನ ಅಮ್ಮನ ಮನೆಗೆ ಕಳಿಸಿದೆ. ಸಂಜೆಯೊಳಗೆ ಅದು ತಗಡಿನ ಮೇಲೆ ಹಾಗೇ ನಮ್ಮ ಬಾಗಿಲಿಗೆ ವಾಪಸು ಬಂತು. ನನಗೆ ಊಟವೇ ಸೇರಲಿಲ್ಲ. ಆಮೇಲೆ ನೋಡುತ್ತೇನೆ, ಬಾಲ ಇರಲಿಲ್ಲ. ಬಾಲವನ್ನು ಮಾತ್ರ ಮುರಿದಿಟ್ಟುಕೊಂಡು ಉಳಿದದ್ದನ್ನು ಕಳಿಸಿದ್ದರು. ಅಷ್ಟಾದರೂ ತಿಂದರಲ್ಲ ಎಂದು ನಾನೂ ಒಂದು ತುಂಡು ತಿಂದೆ.

ಹೀದರ್ ವಾಪಸು ಬಂದು ವಿಷಯ ಕೇಳಿ, ಒಳ್ಳೆಯ ಕೆಲಸ ಮಾಡಿದಿರಿ ಎಂದು ಬೆನ್ನು ತಟ್ಟಿದಳು. ಆ ಶಾಭಾಸ್‌ಗಿರಿ ನನಗೆ ಬೇಕಿರಲಿಲ್ಲ. ನೆವಿಲನ ಮೇಲೆ ಕೇಸು ಬರೆಯಲಾ ಎಂದಳು. ಬೇಡ, ಲೈಸೆನ್ಸ್ ಪರೀಕ್ಷೆಗೆ ಕೂರಿಸೋಣ, ಜೈಲಿಗೆ ಹೋದರೆ ಅವನ ಮಕ್ಕಳನ್ನು ನಾನೇ ಸಾಕಬೇಕಾಗುತ್ತದೆ ಎಂದೆ. ಸೋಮವಾರ ನಾನೇ ಪಕ್ಕದ ಊರಿನ ಗ್ಯಾರೇಜಿಗೆ ಹೋಗಿ ಟೈರು ತಂದೆ. ನೆವಿಲನ ಗಾಡಿಗೆ ನಾಲ್ಕೂ ಹಾಕಿದೆ. ಅವನು ಬೇವಿನ ಕಷಾಯ ಕುಡಿದವನ ಮುಖ ಮಾಡಿಕೊಂಡು ನೆರಳಲ್ಲಿ ಕೂತು ನೋಡಿದ, ಜಾಕ್ ಎತ್ತುವುದಕ್ಕೆ ಮಾತ್ರ ಬಂದ. ಓಡಿಸುವವಳು ರೋಸ್ಲಿನ್, ಅವಳಿಗೆ ಲೈಸೆನ್ಸ್ ಇದೆ, ಕಣ್ಣೂ ಇದೆ. ಪೆಟ್ರೋಲ್ ಡಬ್ಬ ಗಾಡಿಯೊಳಗೆ ಇಡುವಂತಿಲ್ಲ ಎಂದು ಹೇಳಿದ್ದೇನೆ. ಬರುವ ಬುಧವಾರ ನಿನ್ನ ಅಮ್ಮ ಖಂಡಿತ ಬರುತ್ತಾರೆ. ಗೇಟಿನ ಹತ್ತಿರ ಬೆಳಿಗ್ಗೆಯಿಂದಲೇ ಕೂರಬೇಡ, ಗಾಳಿ ಹೊಡೆಯುತ್ತದೆ. ಮಧ್ಯಾಹ್ನದ ಮೇಲೆ ಹೊರಗೆ ಬಾ, ಸಾಕು.

ಕಾಲಿನ ಊತ ಇಳಿದಿದೆಯಾ? ಹಾಸ್ಟೆಲಿನ ಸಾರಿಗೆ ಉಪ್ಪು ಹಾಕಿಸಿಕೊಳ್ಳಬೇಡ. ಚರ್ಚಿನಲ್ಲಿ ಎಲ್ಲರೂ ನಿನ್ನ ಹೆಸರು ಹೇಳಿ ಪ್ರಾರ್ಥಿಸುತ್ತಾರೆ, ಡೋರೀನಳೂ. ದೇವರು ನಿನ್ನ ಮೇಲೆ ಕೈಯಿಟ್ಟಿರಲಿ. ನಮ್ಮ ನೆಲದ ಹಿರಿಯರು ಅಷ್ಟು ದೂರದಲ್ಲೂ ನಿನ್ನನ್ನು ಕಾಯಲಿ.

ನಿನ್ನವನು,
ಹೆಕ್ಟರ್

ಮತ್ತೆ: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಡಿಸಿದೆ. ಮೇಲಿನದನ್ನೆಲ್ಲ ಬರೆಯುವಾಗಲೂ ಈ ವಿಷಯ ನನಗೆ ಗೊತ್ತಿತ್ತು. ಬರೆಯುವುದು ಬೇಡ ಎಂದುಕೊಂಡಿದ್ದೆ, ಆಗುತ್ತಿಲ್ಲ.

ನಿನ್ನೆ ಗಾಡಿಯ ಹಿಂದಿನ ಸೀಟಿನ ಕೆಲಸ ಮಾಡುತ್ತಿದ್ದೆ. ರೋಸ್ಲಿನ್ ಸಾಮಾನು ಎತ್ತಿಕೊಡುತ್ತಿದ್ದಳು, ಇದ್ದಕ್ಕಿದ್ದಂತೆ ಅಳತೊಡಗಿದಳು. "ಭಾವ, ನಾವು ಅಕ್ಕನ್ನ ನೋಡ್ಕಂಡ್ ಬರಕ್ಕೆ ಹೊರಟಿದ್ದಲ್ಲ. ಕರ್ಕಂಡ್ ಬರಕ್ಕೆ. ಮಿಷನ್ನು ಸಾಕು, ಊರಲ್ಲೇ ಮುಗಿಸ್ಕತೀನಿ ಅಂದ್ಲು. ಡಾಕ್ಟ್ರಿಗೂ ಹೇಳಿಬಿಟ್ಟಿದಾಳೆ. ನಿಂಗೆ ಮಾತ್ರ ಹೇಳ್ಬೇಡಿ ಅಂದ್ಲು. ಗೊತ್ತಾದ್ರೆ ಗಾಡಿ ತಡೀತಾನೆ ಅಂದ್ಲು."

ಗೊತ್ತಿಲ್ಲದೆಯೇ ತಡೆದೆ. ನೀನು ಇನ್ನೂ ಎರಡು ವಾರ ಆ ಯಂತ್ರಕ್ಕೆ ಕೈ ಕೊಡಬೇಕಾಗಿ ಬಂತು.

ಮುರಿಯೆಲ್, ಆ ಗಾಡಿಯಲ್ಲಿದ್ದವರಿಗೆಲ್ಲ ಗೊತ್ತಿತ್ತು. ನೆವಿಲನಿಗೆ ಗೊತ್ತಿತ್ತು. ಡಬ್ಬದ ಮೇಲೆ ಕೂತಿದ್ದ ಹುಡುಗಿಗೂ ಗೊತ್ತಿತ್ತು. ನನ್ನ ಹೆಂಡತಿ ಸಾಯುವುದಕ್ಕೆ ಮನೆಗೆ ಬರುತ್ತಾಳೆ ಎಂದು ಗೊತ್ತಿಲ್ಲದೆ ರಸ್ತೆಯಲ್ಲಿ ಕೂತಿದ್ದವನು ನಾನೊಬ್ಬ. ಇದರಿಂದ ನನಗೆ ತುಂಬ ನೋವಾಗಿದೆ. ನನ್ನನ್ನು ಕೇಳಿದ್ದರೆ ಬೇಡ ಅನ್ನುತ್ತಿದ್ದೆ, ಅದು ನಿಜ. ಕಾಲು ಹಿಡಿದಾದರೂ ಬೇಡ ಅನ್ನುತ್ತಿದ್ದೆ. ಆದರೂ ನೀನು ನನ್ನನ್ನು ಕೇಳಬೇಕಿತ್ತು.

ಈಗ ಬೇಡ ಅನ್ನುವುದಿಲ್ಲ. ನಾನೇ ಓಡಿಸಿಕೊಂಡು ಬರಬೇಕೆಂದು ಆಸೆ, ಆದರೆ ನಿನ್ನ ಅಮ್ಮನ ಜೊತೆ ಒಂದೇ ಗಾಡಿಯಲ್ಲಿ ಕೂರುವಂತಿಲ್ಲ, ಅವರನ್ನು ಇನ್ನೊಂದು ಸಲ ಇಳಿಸುವುದೂ ನನ್ನಿಂದಾಗದು. ಅವರೇ ಬರಲಿ. ಮನೆಯಲ್ಲಿ ಬೆಂಕಿ ಹಾಕಿಟ್ಟಿರುತ್ತೇನೆ.

ಬರುವಾಗ ಹಿಂದಿನ ಸೀಟಿನ ಎಡಗಡೆ ಕೂರು. ಅಲ್ಲಿ ಹೊಸ ಬೆಲ್ಟು ಹಾಕಿದ್ದೇನೆ, ಹೊಟ್ಟೆಗೆ ಒತ್ತದ ಹಾಗೆ ಸಡಿಲ ಮಾಡಿದ್ದೇನೆ. ದಾರಿಯುದ್ದಕ್ಕೂ ಹಾಕಿಕೊಂಡೇ ಬಾ, ಬಿಚ್ಚಬೇಡ.